ಸಮುದ್ರದ ಕಡೆಯ ಸೀಟು

ಗಂಗಾವತಿಯ ಅಕ್ಕಿ ವ್ಯಾಪಾರಿಗಳ ಇಟಲಿ ಕ್ರೂಸಿನಲ್ಲಿ ಹೆಂಗಸರ ಲೀಡರ್ ನಾನೇ. ಚುನಾವಣೆಯೇನೂ ನಡೆದಿರಲಿಲ್ಲ, ಕಾನ್ವೆಂಟಿನಲ್ಲಿ ಓದಿದವಳು ಎಂಬುದೇ ಸಾಕಾಗಿತ್ತು.

ಇರಕಲ್ಲಗಡಕ್ಕೆ ಕೊಟ್ಟ ನನ್ನ ನಾದಿನಿ ಶಾಂತವ್ವ ಹಡಗು ಹತ್ತಿದಾಗಿನಿಂದ ಕಣ್ಣು ಮುಚ್ಚಿ ಮಲಗಿದ್ದಳು. ಕಣ್ಣು ತೆರೆದರೆ ಅಲೆ, ಅಲೆ ಕಂಡರೆ ವಾಂತಿ. ಸಮುದ್ರದ ಮೇಲಿದ್ದೂ ಸಮುದ್ರ ನೋಡದವಳು! ಕೊನೆಯ ದಿನ ಹಡಗು ಬಂದರಿನಲ್ಲಿ ನಿಂತು, ಕರಾವಳಿ ತೋರಿಸಲು ಕೋಚ್ ಬಸ್ಸು ಬಂದಾಗ ನನ್ನ ಕೈ ಹಿಡಿದಳು.

"ವೈನಿ, ನೆಲದ ಮ್ಯಾಲ ಕುಂತು ಒಮ್ಮಿ ಕಣ್ತುಂಬ ನೋಡಬೇಕ್ರಿ. ಊರಾಗ ಕೇಳಿದ್ರ ಏನ್ ಹೇಳ್ಲಿ?"

ಲೀವ್ ಇಟ್ ಟು ಮಿ, ಎಂದೆ.

ನಮಗೆ ಸಿಕ್ಕಿದ್ದು ಬಲಗಡೆಯ ಸೀಟು. ಸಮುದ್ರ ಎಡಗಡೆ! ನಮ್ಮ ಕಿಟಕಿಯ ತುಂಬ ಬರೀ ಬಂಡೆ. ಅತ್ತ ಕಡೆಯವರು ಉದ್ಗಾರ ತೆಗೆಯುತ್ತಿದ್ದರು. ಅವರ ತಲೆಗಳ ಸಂದಿಯಲ್ಲಿ ಆಗಾಗ ಒಂದು ಚೂರು ನೀಲಿ. ಎಂಥ ನೀಲಿಯದು? ಚಿಕ್ಕವಳಿದ್ದಾಗ ಸಿಸ್ಟರ್ ತೋರಿಸಿದ ಮ್ಯಾಪಿನ ನೀಲಿಯೇ? ಕತ್ತು ಉದ್ದ ಮಾಡಿ ನೋಡಿದೆ. ಒಂದು ಹ್ಯಾಟ್ ಕಂಡಿತು.

"ಹನುಮನಹಳ್ಳಿ ಬಂತೇನ್ರಿ?" ಎಂದಳು ಶಾಂತವ್ವ, ಗಂಗಾವತಿ ಪಕ್ಕದ ಬಂಡೆಗಳ ಊರನ್ನು ನೆನೆದು.

ಊಟಕ್ಕೆ ನಿಲ್ಲಿಸಿದಾಗ ನನಗೆ ಐಡಿಯಾ ಹೊಳೆಯಿತು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಟವೆಲ್ ಬಿದ್ದ ಸೀಟು ಟವೆಲಿನವರದ್ದು. ಆ ತೀರ್ಪಿಗೆ ಅಪೀಲಿಲ್ಲ. ಅರ್ಧ ಪಿಜ್ಜಾ ಬಿಟ್ಟು ಓಡಿ, ಎಡಗಡೆಯ ಎರಡು ಸೀಟಿಗೆ ಟವೆಲ್ ಹಾಸಿದೆ.

ಆ ಸೀಟಿನ ಡಚ್ ಮುದುಕ ದಂಪತಿ ಬಂದು ಟವೆಲನ್ನೇ ನೋಡುತ್ತ ನಿಂತರು. ಶಾಂತವ್ವನ ದುಃಖವನ್ನು ಪ್ಯೂರ್ ಕಾನ್ವೆಂಟ್ ಇಂಗ್ಲಿಷಿನಲ್ಲಿ ವಿವರಿಸಿದೆ. ಮುದುಕ ಒಮ್ಮೆ ರಸ್ತೆ ನೋಡಿದ, ಒಮ್ಮೆ ನನ್ನನ್ನು ನೋಡಿದ.

"ಆರ್ ಯು ಷೂರ್, ಮೇಡಂ?"

"ಕ್ವೈಟ್ ಷೂರ್."

ಇನ್ನೊಮ್ಮೆ ಕೇಳಿದ. ಎಷ್ಟು ಸಂಕೋಚದ ಜನ, ಎಂದುಕೊಂಡೆ! ಇಬ್ಬರೂ ನಮ್ಮ ಹಳೆಯ ಸೀಟಿಗೆ ಹೋಗಿ ಕುಳಿತರು.

ಕೋಚ್ ಹೊರಳಿತು. ಬಂದ ದಾರಿಯಲ್ಲೇ ವಾಪಸ್. ಬಸ್ಸು ಹೊರಳಿದರೂ ಸಮುದ್ರ ಹೊರಳುವುದಿಲ್ಲವಲ್ಲ! ಅದೀಗ ಬಲಗಡೆ, ಡಚ್ಚರ ಕಿಟಕಿಯಲ್ಲಿ ಥಳಥಳಿಸುತ್ತಿತ್ತು. ನಮ್ಮ ಕಿಟಕಿಗೆ ಬಂಡೆ ಬಂತು. ಮೈ ಗಾಡ್!

"ವೈನಿ," ಎಂದಳು ಶಾಂತವ್ವ ಮೆಲ್ಲಗೆ, "ಈ ಕಲ್ಲು ಬರೂಮುಂದೂ ನೋಡಿದ್ವಲ್ರಿ."

ಹಾಗೆಂದವಳೇ ಎದ್ದಳು. ನೇರ ಹೋಗಿ ಡಚ್ ಮುದುಕಿಯ ಭುಜ ಮುಟ್ಟಿ, "ಸ್ವಲ್ಪ ಸರೀರಿ ಅಕ್ಕಾ" ಎಂದಳು. ಮುದುಕಿ ನಕ್ಕು ಸರಿದಳು. ಇಬ್ಬರ ಸೀಟಿನಲ್ಲಿ ಮೂವರು. ನಮ್ಮ ಕಡೆ ಇದೇನೂ ಹೊಸದಲ್ಲ. ಶಾಂತವ್ವ ಕಿಟಕಿಗೆ ಮುಖ ಮಾಡಿ ಕುಳಿತಳು.

ಹೇಗಿದೆ ಎಂದು ಇಲ್ಲಿಂದಲೇ ಕೇಳಿದೆ.

"ಭಾಳ ಐತ್ರಿ," ಎಂದಳು, ತಿರುಗದೆ.

ಹೋಗೋಣವೆಂದರೆ ಅಲ್ಲಿ ನಾಲ್ಕನೆಯವಳಿಗೆ ಜಾಗವಿಲ್ಲ. ಎರಡು ಸೀಟಿನಲ್ಲಿ ಒಬ್ಬಳೇ ಅಗಲವಾಗಿ ಕುಳಿತು, ಬಂಡೆ ನೋಡಲೆಂದೇ ಇಟಲಿಗೆ ಬಂದವಳಂತೆ, ವೆರಿ ಇಂಟರೆಸ್ಟಿಂಗ್ ಎಂದು ತಲೆಯಾಡಿಸುತ್ತ ಬಂದೆ.