ಬೋಕಾ ಗೆಲ್ಲಬೇಕಾದರೆ ಕೇಶವ್ ಎಲ್ಲಿರಬೇಕು

ಕಡಲಾಚೆಯ ಲೈಲ್ ಎಂಬ ಊರಿನ ಆ ಬಡಾವಣೆಗೆಲ್ಲ ವೈಜ್ಞಾನಿಕ ಮನೋಭಾವದ ಏಕಮೇವ ಪ್ರತಿನಿಧಿ ತಾನೇ ಎಂದು ಕೇಶವ್ ನಂಬಿದ್ದ. (ನಂಬಿಕೆಗಳನ್ನೆಲ್ಲ ಬಿಟ್ಟವನಿಗೂ ಒಂದಾದರೂ ನಂಬಿಕೆ ಬೇಕಲ್ಲ.) ಹೆಂಡತಿ ಮಂಜರಿಯೋ, ರಾಹುಕಾಲ ಕಳೆಯದೆ ಪಕ್ಕದೂರು ಲೆಮಾಂಟಿನ ದೇವಸ್ಥಾನಕ್ಕೂ ಕಾರು ಹೊರಡಿಸಲು ಬಿಡುತ್ತಿರಲಿಲ್ಲ. ದೇವರನ್ನು ನೋಡಲೂ ರಾಹುವಿನ ಅಪ್ಪಣೆ ಬೇಕೇ ಎಂದು ಇವನು ರೇಗಿಸುತ್ತಿದ್ದ. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅವನ ಕುತೂಹಲವೆಲ್ಲ ಎದುರುಮನೆಯ ಅರ್ಜೆಂಟೀನಾದ ಎರ್ನೆಸ್ಟೋ ಮೇಲೆ. ಅವನ ದೇಶದ ಫುಟ್‌ಬಾಲ್ ತಂಡ ಬೋಕಾ ಜೂನಿಯರ್ಸ್ ಆಡುವ ದಿನ ಆ ಮನೆಯ ಮುಂದೆ ಕಾರುಗಳ ಸಾಲು. ಬೇಸ್‌ಮೆಂಟಿನಿಂದ ಡೋಲು, ಹಾಡು, ಒಮ್ಮೊಮ್ಮೆ ಅಳು. ಅಲ್ಲೆಲ್ಲೋ ಹನ್ನೊಂದು ಜನ ಚೆಂಡು ಒದ್ದರೆ ಇಲ್ಲಿ ದಪ್ಪ ಮೀಸೆಯ ಗಂಡಸರು ಯಾಕೆ ಅಳಬೇಕು? ಆ ಸೋಫಾದಲ್ಲಿ ತನಗೂ ಒಂದು ಜಾಗ ಸಿಗಬೇಕೆಂದು ಕೇಶವ್‌ಗೆ ಒಳಗೊಳಗೇ ಆಸೆ. ಆಫೀಸಿನ ಮೀಟಿಂಗು ಬಿಟ್ಟರೆ ಅವನನ್ನು ಯಾರೂ ಎಲ್ಲಿಗೂ ಕರೆಯುತ್ತಿರಲಿಲ್ಲ.

ಕೊನೆಗೆ ಫೆಬ್ರವರಿಯ ಒಂದು ಭಾನುವಾರ ಸಂಜೆ ಕರೆ ಬಂತು. ಬೋಕಾದ ಬಣ್ಣ ನೀಲಿ-ಹಳದಿ ಎಂದು ಕೇಳಿದ್ದ ಕೇಶವ್, ಹಳದಿಯಾದರೂ ಇರಲೆಂದು ಕನ್ನಡ ಕೂಟದವರು ಹೊದಿಸಿದ್ದ ಅರಿಶಿನ-ಕುಂಕುಮ ಬಣ್ಣದ ಶಾಲು ಹೊದ್ದು ಹೋದ. ಎರ್ನೆಸ್ಟೋ ಬಾಗಿಲಲ್ಲೇ ತಡೆದ. ಕೆಂಪು ಎಂದರೆ ಬದ್ಧವೈರಿ ತಂಡ ರಿವರ್ ಪ್ಲೇಟ್‌ನ ಬಣ್ಣವಂತೆ. ಕುಂಕುಮದ ಅರ್ಧವನ್ನು ಒಳಕ್ಕೆ ಮಡಚಿ, ಪಿನ್ನು ಚುಚ್ಚಿ, ಅರಿಶಿನವನ್ನಷ್ಟೇ ಒಳಗೆ ಬಿಟ್ಟುಕೊಂಡ.

ಒಳಗಿನ ಮಡಿ-ಮೈಲಿಗೆ ಇನ್ನೂ ಜೋರು. ಗೆದ್ದ ದಿನ ತೊಟ್ಟ ಜೆರ್ಸಿಯನ್ನು ಸೋಲುವ ತನಕ ಒಗೆಯುವಂತಿಲ್ಲ. (ಬೋಕಾ ಬಹಳ ದಿನದಿಂದ ಗೆಲ್ಲುತ್ತಿದೆ ಎಂಬುದು ಮೂಗಿಗೇ ತಿಳಿಯುತ್ತಿತ್ತು.) ಕೂತವರು ಜಾಗ ಬದಲಿಸುವಂತಿಲ್ಲ. ಕೆಂಪು ಕಾಣದಿರಲೆಂದು ಕೆಚಪ್ ಬಾಟಲಿಗೂ ಕಾಲುಚೀಲ ತೊಡಿಸಿದ್ದರು.

ಆಟ ಶುರುವಾಗಿ ಎಷ್ಟು ಹೊತ್ತಾದರೂ ಗೋಲಿಲ್ಲ. ಮಂಜರಿಯ ಫೋನ್ ಬಂತೆಂದು ಕೇಶವ್ ಮನೆಗಂಟಿದ ಗರಾಜಿಗೆ ಹೋದ; ಬೋಕಾ ಗೋಲು ಹೊಡೆಯಿತು. ಒಳಗೆ ಬಂದ, ಎದುರಾಳಿ ಹೊಡೆಯಿತು. ಎಲ್ಲರೂ ಇವನನ್ನೇ ದಿಟ್ಟಿಸಿದರು. ತಮಾಷೆ ಮಾಡಿ ಪಾರಾಗೋಣವೆಂದು, ನನ್ನ ಹೆಂಡತಿಯ ಪ್ರಕಾರ ಇದು ರಾಹುಕಾಲ, ಕೆಟ್ಟ ಹೊತ್ತು ಎಂದ. ಯಾರೂ ನಗಲಿಲ್ಲ. ಎರ್ನೆಸ್ಟೋ ಟಿವಿಯ ಸದ್ದು ಅಡಗಿಸಿ, ಆ ಲೆಕ್ಕ ಆಟ ನಡೆಯುತ್ತಿರುವ ಬ್ಯೂನಸ್ ಐರಿಸ್‌ನದೋ ಲೈಲ್‌ನದೋ ಎಂದು ಗಂಭೀರವಾಗಿ ಕೇಳಿದ. ಕೇಶವ್‌ಗೆ ಗೊತ್ತಿರಲಿಲ್ಲ. ಗೊತ್ತಿರುವವರನ್ನು ಕರೆಸು ಎಂದರು.

ಮಂಜರಿ ಬಂದಳು. ಮದುವೆಯಾದಾಗಿನಿಂದ ಅವಳನ್ನು ಯಾರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಆಡುವವರಿಗೆ ಅಲ್ಲಿನ ಲೆಕ್ಕ, ನೋಡುವವರಿಗೆ ಇಲ್ಲಿನದು. ಅಲ್ಲಿ ಕಳೆದಿದೆ, ಇಲ್ಲಿ ಇನ್ನೂ ಸ್ವಲ್ಪ ಹೊತ್ತಿದೆ ಎಂದು ತೀರ್ಪಿತ್ತಳು. ಎಲ್ಲರೂ ಎದ್ದು ನಿಂತು ಅವಳನ್ನು ಸೋಫಾದಲ್ಲಿ ಕೂರಿಸಿದರು. ಅದು ಕೇಶವ್ ಕೂತಿದ್ದ ಜಾಗ.

"ಮತ್ತೆ ನಾನು?"

"ರಾಹುಕಾಲ ಕಳೆಯೋವರ್ಗೂ ಗರಾಜಲ್ಲಿರಿ ರೀ. ಪಾಪ, ಅವ್ರು ಗೆಲ್ಲಲಿ."

ಗರಾಜಿನಲ್ಲಿ ಸೊನ್ನೆಗೂ ಹತ್ತು ಡಿಗ್ರಿ ಕೆಳಗಿನ ಚಳಿ. ಕಷ್ಟಪಟ್ಟು ಸಿಕ್ಕ ಜಾಗ ಹೆಂಡತಿಯ ಪಾಲಾಯಿತಲ್ಲ ಎಂದು ಕೇಶವ್‌ಗೆ ಹೊಟ್ಟೆ ಉರಿಯುತ್ತಿತ್ತು. ಕಾಲು ಮಾತ್ರ ಮರಗಟ್ಟುತ್ತಿತ್ತು. ಎಲ್ಲ ಬರೀ ಕಾಕತಾಳೀಯ, ಒಳಗೆ ನುಗ್ಗಿ ಸಾಬೀತು ಮಾಡಿಯೇಬಿಡುತ್ತೇನೆ ಎಂದುಕೊಂಡು, ಹಿಮ ಎತ್ತುವ ಸಲಿಕೆಯ ಮೇಲೆ ಎಡಗಾಲಿಟ್ಟು ಬಾಗಿಲಿಗೆ ಕೈ ಚಾಚಿದ. ಅಷ್ಟರಲ್ಲಿ ಮನೆಯೇ ನಡುಗುವಂಥ ಕೂಗು. ಬೋಕಾ ಗೋಲು! ಅವನಿಗೇ ಆಶ್ಚರ್ಯವಾಗುವಂತೆ ಅವನ ಕಣ್ಣು ಒದ್ದೆಯಾಯಿತು.

ಮಂಜರಿ ಬಾಗಿಲು ತೆರೆದಳು. ಹೆಗಲ ಮೇಲೆ ನೀಲಿ-ಹಳದಿ ಬಾವುಟ.

"ರಾಹುಕಾಲ ಮುಗೀತು ರೀ. ಒಳಗೆ ಬನ್ನಿ, ನಿಮಗೂ ಜಾಗ ಮಾಡಿದ್ದಾರೆ."

"ಆಟ ಮುಗೀತಾ?"

"ಇನ್ನೂ ಹತ್ತು ನಿಮಿಷ ಇದೆ."

"ಹಾಗಾದ್ರೆ ಬಾಗಿಲು ಹಾಕು" ಎಂದ ಕೇಶವ್, ಸಲಿಕೆಯ ಮೇಲಿದ್ದ ಎಡಗಾಲನ್ನು ಒಂದಿಷ್ಟೂ ಕದಲಿಸದೆ.