ನನ್ನ ಬೋಳುತಲೆಯ ಮೇಲೆ ತಮಗಿರುವ ಕಾಳಜಿಯ ಕುರಿತು

ಲಶ್‌ಮೋರ್ ಕೇಶತೈಲ ಕಂಪನಿಯ ಮಾಲೀಕರ ಸನ್ನಿಧಾನಕ್ಕೆ, ಮಿನೆಸೊಟಾದ ಫರ್ಗಸ್ ಫಾಲ್ಸ್‌ನಿಂದ ಆರ್ಡಿಸ್ ಟಾಲೆಫ್‌ಸನ್ ಮಾಡುವ ಅನಂತ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ಮೈ ಸರಿಯಿಲ್ಲದವರು ಬೆಳಗ್ಗೆಯೊಮ್ಮೆ ಸಂಜೆಯೊಮ್ಮೆ ತಪ್ಪದೆ ಇ-ಮೇಲ್ ಬರೆಯಲಾರರು. ಈ ೧೯೯೫ರ ಏಪ್ರಿಲ್‌ನಲ್ಲಿ ನಮ್ಮ ಹಿತ್ತಲಿನ ಹಿಮ ಇನ್ನೂ ಕರಗುತ್ತಿದೆ, ಅಂಚೆಯವನ ಗಾಡಿ ಎರಡು ಸಲ ಕೆಸರಲ್ಲಿ ಹೂತಿದೆ, ಆದರೆ 'ಬೋಳುತಲೆಯ ಸಹೋದರರೇ' ಎಂದು ಆರಂಭವಾಗುವ ತಮ್ಮ ಅಕ್ಕರೆಯ ಪತ್ರ ಮಾತ್ರ ಒಂದು ದಿನವೂ ತಡವಾಗಿಲ್ಲ. ನನ್ನ ಜಡೆ ಸೊಂಟದವರೆಗಿದೆ ಎಂಬುದನ್ನು ನಾಚಿಕೆಯಿಂದಲೇ ತಿಳಿಸುತ್ತಿದ್ದೇನೆ.

ತಮ್ಮ ಪರಿಚಯದ ಭಾಗ್ಯ ಒದಗಿದ್ದು ಹೀಗೆ. ನಾನು ಕಾಲೇಜಿನ ಲೈಬ್ರರಿಯಿಂದ ನಿವೃತ್ತಳಾದಾಗ ಅವರು ದೊಡ್ಡ ಮನಸ್ಸು ಮಾಡಿ ನನ್ನ ಇ-ಮೇಲ್ ವಿಳಾಸವನ್ನು ನನಗೇ ಬಿಟ್ಟುಕೊಟ್ಟರು, ನಾನು ಅದನ್ನು ಹಿಡಿದುಕೊಂಡು ಬೀನ್ಸ್ ಬೆಳೆಯುವವರ ಗುಂಪೊಂದನ್ನು ಸೇರಿದೆ. ಅಲ್ಲಿ ಒಬ್ಬರು ಬರೆದದ್ದು ಎಲ್ಲರಿಗೂ ತಲುಪುತ್ತದೆ. ಏನನ್ನೂ ಮಾರಕೂಡದೆಂಬುದೊಂದೇ ನಿಯಮ. ಬೀಜದ ಡಬ್ಬಿಯೊಂದು ಅಂಚೆಯಲ್ಲಿ ಮನೆಯಿಂದ ಮನೆಗೆ ಸುತ್ತುತ್ತಿರುತ್ತದೆ. ಬೇಕಾದ್ದನ್ನು ತೆಗೆದುಕೊಂಡು, ತಮ್ಮ ಹಿತ್ತಲಿನದನ್ನು ಪೊಟ್ಟಣ ಕಟ್ಟಿ ಹಾಕಿ, ಮುಂದಿನವರಿಗೆ ಕಳಿಸುತ್ತೇವೆ. ಹೀಗೆ ನಾಲ್ಕು ಜನ ಸೇರಿ ಹರಟುವ ಕಡೆ ಅಂಗಡಿ ತೆರೆಯಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆದದ್ದು ತಮಗೆ, ಮತ್ತು ಆ ದೂರದೃಷ್ಟಿಗೆ ಮುಂದಿನ ತಲೆಮಾರುಗಳು ತಮ್ಮನ್ನು ಪ್ರತಿದಿನ ಬೆಳಗ್ಗೆ ಇ-ಮೇಲ್ ಪೆಟ್ಟಿಗೆ ತೆರೆದಾಗ ನೆನೆಯಲಿವೆ.

ಇನ್ನು ನನ್ನ ತಪ್ಪು. ನಮ್ಮ ಕಡೆ ನೆರೆಯವರು ತಿಂಡಿ ಕಳಿಸಿದ ಪಾತ್ರೆಯನ್ನು ಖಾಲಿ ಮರಳಿಸುವ ಪದ್ಧತಿಯಿಲ್ಲ, ಬಂದ ಕಾಗದಕ್ಕೆ ಉತ್ತರ ಬರೆಯದೆ ಇರುವ ಪದ್ಧತಿಯೂ ಇಲ್ಲ. ಆದ್ದರಿಂದ ನಮ್ಮ ಗುಂಪಿಗೆ ಬಂದ ತಮ್ಮ ಮೊದಲ ಪತ್ರಕ್ಕೆ ವಂದನೆ ತಿಳಿಸಿ, ತೈಲ ಸದ್ಯಕ್ಕೆ ಬೇಡವೆಂದು, ತಮ್ಮ ಮನೆಯವರ ಆರೋಗ್ಯ ವಿಚಾರಿಸಿ, ಒಂದು ಪುಟ ಬರೆದೆ. ಅಂದಿನಿಂದ ತಾವು ನನಗೇ ನೇರವಾಗಿ ಬರೆಯತೊಡಗಿದಿರಿ. ತಮ್ಮ ಸ್ನೇಹಿತರಾದ ತೆಳ್ಳಗಾಗುವ ಚಹಾದವರು, ಮನೆಯಲ್ಲೇ ಕೂತು ಶ್ರೀಮಂತರಾಗಿರೆಂಬುವವರು ಕೂಡ ನನ್ನ ವಿಳಾಸವನ್ನು ಪ್ರೀತಿಯಿಂದ ಹಂಚಿಕೊಂಡರು. ಅವರಿಗೂ ಉತ್ತರಿಸಿದೆ. ನನ್ನ ಯಜಮಾನರಾದ ಸೆಲ್ಮರ್ ಒಂದು ದಿನ ಕಾಫಿ ಕೆಳಗಿಟ್ಟು, "ಅಲ್ವೇ ಆರ್ಡಿಸ್, ದಿನಾ ಕೂತ್ಕೊಂಡು ಇವ್ನಿಗೆ ಉತ್ರ ಬರೀತೀಯಲ್ಲ, ಇವ್ನೇನು ನಿನ್ ಚಿಕ್ಕಪ್ಪನ ಮಗನಾ?" ಎಂದರು. ಹಾಗೆಂದವರೇ ನನಗೆ ತಿಳಿಯದಂತೆ ತಮಗೆ ಚೆಕ್ ಕಳಿಸಿ ಒಂದು ಶೀಸೆ ತರಿಸಿದ್ದು ಆಮೇಲೆ ಗೊತ್ತಾಯಿತು. ತಮ್ಮ ತೈಲದ ಗುಣವನ್ನು ಮೆಚ್ಚಲೇಬೇಕು. ನಮ್ಮ ಹಿಂಬಾಗಿಲಿನ ಕೀಲು ಕಿರುಗುಟ್ಟುವುದು ಪೂರ್ತಿ ನಿಂತಿದೆ.

ಇಷ್ಟಕ್ಕೇ ಆಗಿದ್ದರೆ ತಮ್ಮ ಅಮೂಲ್ಯ ಸಮಯ ಹಾಳು ಮಾಡುತ್ತಿರಲಿಲ್ಲ. ನಮ್ಮ ಗುಂಪಿನಲ್ಲಿ ನೆಬ್ರಾಸ್ಕಾದ ವರ್ನಾ ಎಂಬಾಕೆಯಿದ್ದಳು. ನಾನು ಅವಳ ಮುಖ ನೋಡಿಲ್ಲ, ಮನೆತನದ ಹೆಸರು ಕೇಳಿಲ್ಲ, ಆದರೆ ಎರಡು ವರ್ಷ ಪ್ರತಿದಿನ ಅವಳ ಮಾತು ಕೇಳದೆ ನನಗೆ ಬೆಳಗಾಗುತ್ತಿರಲಿಲ್ಲ. ಅವಳ ತಾಯಿ ಉಳಿಸಿಕೊಂಡು ಬಂದ ಕೆಂಪು ಮಚ್ಚೆಯ ಬೀನ್ಸ್ ಡಬ್ಬಿಯಲ್ಲಿ ನನಗೆ ಸಿಕ್ಕಿತು. ಪೊಟ್ಟಣದ ಮೇಲೆ 'ವರ್ನಾ' ಎಂದಷ್ಟೇ ಇತ್ತು. ಹೋದ ಬೇಸಿಗೆಯಲ್ಲಿ ಅವಳು ಗುಂಪಿಗೆ ಹೀಗೆ ಬರೆದಳು: "ಆಲಿಕಲ್ಲು ಬಿದ್ದು ಅಮ್ಮನ ಬೀನ್ಸ್ ಎಲ್ಲಾ ನೆಲ ಕಚ್ಚಿತು ಕಣ್ರೇ, ಬಿತ್ತನೆಗೂ ಒಂದು ಕಾಳು ಉಳೀಲಿಲ್ಲ. ಯಾರ ಹತ್ರಾನಾದ್ರೂ ಇದ್ರೆ ಹೇಳಿ." ಈ ನಾಲ್ಕು ಸಾಲು ತಮ್ಮ ತೈಲದ ಕೆಳಗೆ, ಚಹಾದ ಕೆಳಗೆ, ಶ್ರೀಮಂತಿಕೆಯ ಕೆಳಗೆ ಹೂತುಹೋಗಿ, ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಶರತ್ಕಾಲ ಬಂದಿತ್ತು. ಅಷ್ಟರಲ್ಲಿ ಅವಳು, "ಈ ಬೋಳುತಲೆಯವನ ಕಾಟ ಸಾಕಾಯ್ತು, ನಾನು ಬೇರೆ ವಿಳಾಸ ಮಾಡ್ಕೋತೀನಿ, ಯಾರ್ಗೂ ಕೊಡಲ್ಲ" ಎಂದು ಬರೆದು ಗುಂಪು ಬಿಟ್ಟಿದ್ದಳು. ತನ್ನ ಮಾತಿಗೆ ಒಬ್ಬರೂ ಓಗೊಡಲಿಲ್ಲವೆಂದೇ ಅವಳು ತಿಳಿದಿರಬೇಕು. ಅದು ನನಗೆ ನುಂಗಲಾರದ ತುತ್ತಾಗಿದೆ, ಮಾನ್ಯರೇ.

ಅವಳ ಬೀನ್ಸ್ ನನ್ನ ಅಡುಗೆಮನೆಯ ಜಾಡಿಯಲ್ಲಿದೆ. ಮೇ ತಿಂಗಳಲ್ಲಿ ಅದು ಅವಳ ಮಣ್ಣಿಗೆ ಬೀಳಬೇಕು. ಡಬ್ಬಿಯ ಸುತ್ತಿನಲ್ಲಿ ಅವಳ ಹಿಂದೆ ಮುಂದೆ ಇದ್ದವರೂ ಗುಂಪು ಬಿಟ್ಟಿದ್ದಾರೆ, ಅವಳ ಹೊಸ ಇ-ಮೇಲ್ ವಿಳಾಸ ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲ, ಆದರೆ ತಮಗೆ ಗೊತ್ತಿದ್ದೇ ಇರುತ್ತದೆ. ತಮ್ಮಿಂದ ತಪ್ಪಿಸಿಕೊಂಡು ಓಡಿದವರು ಹೊಸ ಮನೆಯಲ್ಲಿ ಕೋಟು ಬಿಚ್ಚುವ ಮೊದಲೇ ತಮ್ಮ ಪತ್ರ ಅಲ್ಲಿ ಕಾದು ಕೂತಿರುತ್ತದೆಂಬ ನಂಬಿಕೆ ನನಗಿದೆ. ಆದ್ದರಿಂದ ತಾವು ದಯವಿಟ್ಟು ತಮ್ಮ ಮುಂದಿನ ಪತ್ರದಲ್ಲಿ, ತೈಲ ಹಚ್ಚಿ ಕೂದಲು ಹುಲುಸಾಗಿ ಬೆಳೆದ ಮಹನೀಯರೊಬ್ಬರ ಪ್ರಶಂಸೆಯ ಕೆಳಗೆ, 'ವರ್ನಾ, ನಿನ್ನ ಬೀಜ ಆರ್ಡಿಸ್ ಹತ್ತಿರವಿದೆ' ಎಂಬ ಒಂದು ಸಾಲು ಸೇರಿಸಬೇಕೆಂದೂ, ಸಾಧ್ಯವಾದರೆ ನನ್ನ ಬೋಳುತಲೆಯ ಚಿಂತೆಯನ್ನು ಭಾನುವಾರವಾದರೂ ಬಿಟ್ಟು ಚರ್ಚಿಗೆ ಹೋಗಬೇಕೆಂದೂ ಬೇಡಿಕೊಳ್ಳುತ್ತೇನೆ. ಇದನ್ನೇ ಹಿಂದೆ ಆರು ಸಲ ಬೇಡಿಕೊಂಡಾಗ ತಾವು ಆರು ಸಲವೂ ರಿಯಾಯಿತಿ ಘೋಷಿಸಿದಿರಿ. ಅಷ್ಟು ಔದಾರ್ಯಕ್ಕೆ ನಾನು ಪಾತ್ರಳಲ್ಲ.

ಜಡೆಯಿದ್ದೂ ತಮ್ಮ ಸಹೋದರನೆನಿಸಿಕೊಂಡ,
ತಮ್ಮ ವಿಶ್ವಾಸಿ,
ಆರ್ಡಿಸ್ ಟಾಲೆಫ್‌ಸನ್

ಮರೆತಿದ್ದು: ಕಳೆದ ಮಂಗಳವಾರ ಅದೇನು ಅವಸರವಿತ್ತೋ, ತಾವು ಬರೆಯುವ ಎಲ್ಲ ಗಿರಾಕಿಗಳ ವಿಳಾಸಗಳೂ ತಮ್ಮ ಪತ್ರದ ನೆತ್ತಿಯ ಮೇಲೆ ಸಾಲಾಗಿ, ಪುಟಗಟ್ಟಲೆ ಬಂದುಬಿಟ್ಟವು. ಅವುಗಳಲ್ಲಿ ವರ್ನಾಳದು ಯಾವುದೆಂದು ತಿಳಿಯದೆ ಈ ಪತ್ರವನ್ನು ಅಷ್ಟೂ ಜನರಿಗೆ ಕಳಿಸುತ್ತಿದ್ದೇನೆ. ವರ್ನಾ, ಓದ್ತಿದ್ದೀಯೇನೇ? ಅಮ್ಮನ ಬೀನ್ಸ್ ಜಾಡಿ ತುಂಬ ಇದೆ, ಅಡ್ರೆಸ್ ಕಳಿಸು. ಉಳಿದ ಮಹನೀಯರು ಮತ್ತು ಮಹಿಳೆಯರು ತಮ್ಮ ತಮ್ಮ ಮನೆಯಲ್ಲಿ ಒಲೆಯಲ್ಲಿಟ್ಟು ಬೇಯಿಸುವ ಆಲೂಗಡ್ಡೆ ಹಾಟ್‌ಡಿಶ್ ತಿಂಡಿ ಮಾಡುವ ವಿಧಾನವನ್ನು ವಿವರವಾಗಿ ಬರೆದು, ಬೆಳಗ್ಗೆಯೊಮ್ಮೆ ಸಂಜೆಯೊಮ್ಮೆ, ಈ ಕಂಪನಿಯ ವಿಳಾಸಕ್ಕೆ ತಪ್ಪದೆ ಕಳಿಸಬೇಕಾಗಿ ಕೋರಿಕೆ. ಪಾತ್ರೆಯನ್ನು ಖಾಲಿ ಮರಳಿಸಿದೆವೆಂಬ ಅಪಕೀರ್ತಿ ನಮಗೆ ಬೇಡ.