ಕಾವಲಿಗೆ ಇಳಿದ ಜಾನ್ ದೊರೆ

ಕಡೂರಿನ ಮೇಲೆ ಹಾರುತ್ತಿದ್ದಾಗ ಜಯದೇವಪ್ಪನಿಗೆ ಒಂದು ಸೀನು ಬಂತು.

ನೆಲದ ಮೇಲಾಗಿದ್ದರೆ ಅದೇನು ದೊಡ್ಡ ವಿಷಯವಲ್ಲ. ಆದರೆ ಅವನು ಕೂತಿದ್ದದ್ದು ತಲೆಯ ಮೇಲೆ ಸೂರಿಲ್ಲದ, ಎರಡೇ ಸೀಟಿನ ವಿಮಾನದಲ್ಲಿ. ತೊಡೆಯ ಮೇಲೆ ನಕಾಶೆ, ನಕಾಶೆಯ ಮೇಲೆ ಎಡಗೈ. ಸೀನಿದ ರಭಸಕ್ಕೆ ಕೈ ಎದ್ದಿತು, ನಕಾಶೆಯೂ ಎದ್ದಿತು. ಕಣ್ಣು ಬಿಡುವ ಹೊತ್ತಿಗೆ ಅದು ಗಾಳಿಗೆ ಸಿಕ್ಕ ಊಟದೆಲೆಯಂತೆ ಹೊರಳಾಡುತ್ತಾ ಯಾರದೋ ತೆಂಗಿನ ತೋಟಕ್ಕೆ ಹೊರಟಿತ್ತು.

ಅಂದೇ ಅವನ ಪರೀಕ್ಷೆ. ಬೆಂಗಳೂರಿನಿಂದ ಶಿವಮೊಗ್ಗದವರೆಗೆ ಸರಿಯಾಗಿ ಹಾರಿಸಿದರೆ ಪೈಲಟ್ ಲೈಸೆನ್ಸು. ಮುಂದಿನ ಸೀಟಿನಲ್ಲಿ ಪರೀಕ್ಷೆ ಮಾಡುವ ಗುರು ಕೃಷ್ಣಸ್ವಾಮಿ ಕೂತಿದ್ದರು. ಅವರ ಬಾಯಿಯ ಮೇಲಿನ ಸಾಲಿನಲ್ಲಿ ಹಲ್ಲಿಗಿಂತ ಕಿಂಡಿಯೇ ಹೆಚ್ಚು. "ನಾನು ಹೇಳೋ ಒಂದೊಂದು ಬುದ್ಧಿಮಾತಿಗೂ ಒಂದೊಂದು ಹಲ್ಲು ಕೊಟ್ಟಿದೀನಿ ಕಣಯ್ಯಾ, ಪುಕ್ಕಟೆ ಅಂದ್ಕೋಬೇಡ" ಎನ್ನುತ್ತಿದ್ದರು. ಮುಂದಿನ ಎರಡು ಹಲ್ಲು ಕೊಟ್ಟು ಕಲಿತ ಮಾತು ಇದು: "ಹಾರುವಾಗ ಧೈರ್ಯಕ್ಕಿಂತ ಇಳಿಯೋಕೆ ಜಾಗ ಮುಖ್ಯ. ಸದಾ ಕೆಳಗೊಂದು ಬಯಲು ನೋಡಿಟ್ಕೊಂಡಿರು."

ನಕಾಶೆ ಹೋದರೇನು, ರೈಲು ಹಳಿ ಇದೆಯಲ್ಲ ಎಂದು ಜಯದೇವಪ್ಪ ಹಳಿಯನ್ನೇ ಹಿಡಿದ. ಬೀರೂರಿನಲ್ಲಿ ಹಳಿ ಎರಡಾಗುತ್ತದೆ. ಎಡಗಡೆಯದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಬಲಗಡೆಯದು ಅಜ್ಜಂಪುರ, ಶಿವನಿಯ ಕಡೆಗೆ. ಸರಿಯಾಗಿ ಆ ಕವಲಿನಲ್ಲೇ ಗೂಡ್ಸ್ ಗಾಡಿಯೊಂದು ಕರೀ ಹೊಗೆ ಉಗುಳುತ್ತಾ ನಿಂತಿತ್ತು. ಹೊಗೆ ದಾಟಿದಾಗ ಕೆಳಗೆ ಒಂದೇ ಹಳಿ ಕಂಡಿತು. ಅದನ್ನೇ ನಂಬಿ ಹೊರಟ.

ತರೀಕೆರೆ ಬರಲಿಲ್ಲ. ಹತ್ತಿರವಾಗಬೇಕಿದ್ದ ಕೆಮ್ಮಣ್ಣುಗುಂಡಿಯ ಬೆಟ್ಟ ಹಿಂದೆ ಸರಿಯಿತು. ಎದುರಿಗೆ ದೊಡ್ಡ ಹುಲ್ಲುಗಾವಲು, ಅದರ ತುಂಬ ಬೂದು ಬಣ್ಣದ ದನ.

ಸೀಟಿನಿಂದ ಸೀಟಿಗೆ ಹಾಕಿದ್ದ ಮಾತಿನ ಕೊಳವೆಯಲ್ಲಿ ಗುರುಗಳ ದನಿ ಬಂತು. "ಏನಯ್ಯಾ, ತರೀಕೆರೆಗೆ ಅಮೃತಮಹಲ್ ದನ ಯಾವಾಗ ವರ್ಗವಾದ್ವು?"

ಜಯದೇವಪ್ಪ ಬಗ್ಗಿ ನೋಡಿದ. ಇದು ಅಮೃತಮಹಲ್ ದನ ಮೇಯುವ ಅಜ್ಜಂಪುರದ ಕಾವಲು. ಆಚೆಗೇ ಶಿವನಿ, ಅವನ ಊರು. ಊರಲ್ಲಿ ಅವನ ಅವ್ವ ಲಿಂಗಮ್ಮ. ಚಿಕ್ಕಂದಿನಲ್ಲಿ ಅವನು ತೆಂಗಿನ ಮರದಿಂದ ಬಿದ್ದು ಕೈ ಮುರಿದುಕೊಂಡ ಮೇಲೆ, ಅವನು ಅಟ್ಟ ಹತ್ತಿದರೂ ಅವಳಿಗೆ ಜೀವ ಹೋಗುತ್ತಿತ್ತು. ಬೆಂಗಳೂರಿನಲ್ಲಿ ಬಸ್ ಕಂಪನಿಯ ಗುಮಾಸ್ತ ಎಂದು ಅವಳಿಗೆ ಹೇಳಿದ್ದ.

ತಿರುಗಿಸೋಣ ಎನ್ನುವಷ್ಟರಲ್ಲಿ ಇಂಜಿನ್ ಗೂರಲು ಹಿಡಿದ ಮುದುಕನಂತೆ ಕೆಮ್ಮಿ ಸುಮ್ಮನಾಯಿತು. ಆಮೇಲೆ ಗಾಳಿಯ ಸದ್ದೊಂದೇ. ಜಯದೇವಪ್ಪ ಹಲ್ಲು ಕಚ್ಚಿ ದನಗಳಿಲ್ಲದ ಒಂದು ಓಣಿ ನೋಡಿ, ಸುತ್ತು ಹಾಕಿ, ಮೂರು ಸಲ ಕುಪ್ಪಳಿಸಿ ವಿಮಾನವನ್ನು ಇಳಿಸಿದ.

"ಪೆಟ್ರೋಲ್ ಕೊಳವೇಲಿ ಕಸ ಸಿಕ್ಕಿದೆ, ಅಷ್ಟೇ" ಎಂದು ಗುರುಗಳು ಸ್ಪ್ಯಾನರ್ ತೆಗೆದರು.

ಅಷ್ಟರಲ್ಲಿ ಕಾವಲುಗಾರ ಮುದ್ದಪ್ಪ ಓಡಿ ಬಂದ. ಅವನ ಹಿಂದೆ ಜನ, ಜನರ ಹಿಂದೆ ಸಂತೆಗೆ ಹೊರಟಿದ್ದ ಗಾಡಿಗಳು. ಒಂದು ಗಾಡಿಯಿಂದ ಜಯದೇವಪ್ಪನ ಸೋದರಮಾವ ತಮ್ಮಯ್ಯನೂ ಹಿಂದೆಯೇ ಅವ್ವನೂ ಇಳಿದರು. ಜಯದೇವಪ್ಪ ಗಾಳಿ ತಡೆಯುವ ದಪ್ಪ ಕನ್ನಡಕವನ್ನು ಕಣ್ಣಿಗೆ ಎಳೆದು, ಚರ್ಮದ ಟೋಪಿಯನ್ನು ಗಲ್ಲದವರೆಗೆ ಬಿಗಿದು, "ಸಾರ್, ನನ್ನ ಗುರುತು ಹೇಳ್ಬೇಡಿ" ಎಂದು ಪಿಸುಗುಟ್ಟಿದ.

ಗುರುಗಳಿಗೆ ಇಂಥದ್ದೇ ಬೇಕಿತ್ತು. "ಇವರು ಜಾನ್ ದೊರೆ. ಕನ್ನಡ ಬರೋದಿಲ್ಲ" ಎಂದು ಸಾರಿಬಿಟ್ಟರು.

ಮುದ್ದಪ್ಪ ದೊರೆಯನ್ನು ಮೇಲೆ ಕೆಳಗೆ ನೋಡಿದ. "ದೊರೆ ಅಂತೀರಿ, ನನ್ಗಿಂತ್ಲೂ ಕಪ್ಪಗವ್ನೆ?"

"ದಿನಾ ಸೂರ್ಯನ ಹತ್ರ ಹೋಗ್ತಾರಲ್ಲಪ್ಪಾ, ಸುಟ್ಟೋಗಿದೆ."

ಎಲ್ಲರೂ ಅಯ್ಯೋ ಪಾಪ ಎಂದರು. ತಮ್ಮಯ್ಯ ಮುಂದೆ ಬಂದು ದೊರೆಯ ಮುಖಕ್ಕೇ ಹೇಳತೊಡಗಿದ. "ಗಂಡು ಅಂದ್ರೆ ಇವ್ನು ಕಣ್ರಯ್ಯಾ! ನಮ್ಮ ಅಕ್ಕನ ಮಗನೂ ಅವ್ನೆ ಬೆಂಗ್ಳೂರಾಗೆ, ಏಣಿ ಕಂಡ್ರೆ ತಲೆ ತಿರುಗ್ತದೆ. ಅವ್ನಿಗೆ ಹೆಣ್ಣು ಕೊಡೋರು ಯಾರು?"

ದೊರೆ "ಯೆಸ್ ಯೆಸ್" ಎಂದು ಹಲ್ಲು ಕಡಿದ. ಲಿಂಗಮ್ಮ ಮಾತ್ರ ಬುತ್ತಿಗೆ ತಂದಿದ್ದ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟು ಬಿಚ್ಚಿ ಅವನ ಮುಂದಿಟ್ಟಳು.

ಆಗಲೇ ಹಸುವೊಂದು ಹಿಂದಿನಿಂದ ಬಂದು ರೆಕ್ಕೆಗೆ ಹೊದಿಸಿದ್ದ ಬಟ್ಟೆಯನ್ನು ನೆಕ್ಕಿತು. ಬಟ್ಟೆಗೆ ಬಳಿದಿದ್ದ ಅಂಟು ಅದಕ್ಕೆ ಬಹಳ ರುಚಿಸಿರಬೇಕು, ಹಲ್ಲು ಹಾಕಿ ಎಳೆಯತೊಡಗಿತು. ಜಯದೇವಪ್ಪ ಎಲ್ಲವನ್ನೂ ಮರೆತ.

"ಹೈ! ಹೈ! ನಿನ್ ಮನೆ ಹಾಳಾಗ, ಬಿಡೇ ಅದ್ನ! ಲೇ ಮುದ್ದಪ್ಪಾ, ಅಟ್ಟೋ!"

ಜನರೆಲ್ಲ ದೊರೆಯ ಕಡೆ ತಿರುಗಿದರು. ಹಸುವೂ ಬಾಯಿ ಬಿಟ್ಟು ನೋಡಿತು.

"ದೊರೆಗೆ ನನ್ನೆಸ್ರು ಹೆಂಗೆ ಗೊತ್ತಾಯ್ತು?" ಎಂದ ಮುದ್ದಪ್ಪ.

"ದೊರೆ ಅಲ್ಲ ಕಣೋ, ನನ್ನ ಮಗ" ಎಂದಳು ಲಿಂಗಮ್ಮ. "ಗಾಡೀಲಿ ಬರ್ತಾ ಇವ್ನು ನಾಕು ಹೆಜ್ಜೆ ಹಾಕೋದು ಕಂಡಾಗ್ಲೇ ಗೊತ್ತಾಯ್ತು. ಹೆತ್ತೋಳಿಗೆ ಟೋಪಿ ಹಾಕಾಕಾಯ್ತದಾ?"

ಜಯದೇವಪ್ಪ ಕನ್ನಡಕ ತೆಗೆದು ತಲೆ ತಗ್ಗಿಸಿದ. ಲೈಸೆನ್ಸೂ ಹೋಯಿತು, ಹಾರುವುದೂ ಇಂದಿಗೆ ಮುಗಿಯಿತು ಎಂದುಕೊಂಡ. ಅವ್ವ ಹತ್ತಿರ ಬಂದಳು. ಅವನ ಕೈ, ಭುಜ ಎಲ್ಲ ಸವರಿ, ಎಲ್ಲೂ ಮುರಿದಿಲ್ಲ ಎಂದು ನೋಡಿಕೊಂಡಳು.

"ಭಯ ಆಯ್ತೇನೋ ಮೇಲೆ?"

"ಆಯ್ತು ಕಣವ್ವಾ."

"ಆದ್ರೂ ಇಳಿಸ್ದೆ."

"ಹೂಂ."

ಅವಳು ವಿಮಾನದ ಕಡೆ ತಿರುಗಿದಳು. "ಮೇಲಿಂದ ನಮ್ಮನೆ ಕಾಣ್ತದಾ?"

"ಕಾಣ್ತದೆ."

"ಹಂಗಾದ್ರೆ ನನ್ನೂ ಹತ್ತಿಸು."

ತಮ್ಮಯ್ಯ ತಲೆಯ ಮೇಲೆ ಕೈ ಹೊತ್ತು ಕೂತ. ಜಯದೇವಪ್ಪ ಗುರುಗಳ ಮುಖ ನೋಡಿದ. ಗುರುಗಳು ಕೊಳವೆ ಊದಿ, ಜೋಡಿಸಿ, ಕೈ ಒರೆಸಿಕೊಂಡು ಹೇಳಿದರು. "ರಿಪೇರಿ ಆದ್ಮೇಲೆ ಒಂದು ಸುತ್ತು ಹಾಕಿ ನೋಡ್ಲೇಬೇಕು. ಆದ್ರೆ ಲೈಸೆನ್ಸ್ ಇಲ್ಲದೋನು ಜನ ಕೂರಿಸ್ಕೊಳ್ಳೋ ಹಾಗಿಲ್ಲ. ಇಳಿಸಿದ್ದಕ್ಕೆ ನಿಂಗೆ ನೂರಕ್ಕೆ ನೂರು ಕಣಯ್ಯಾ, ನಾನೂ ಹಾಗೇ ಇಳಿಸ್ತಿದ್ದೆ. ದಾರಿಗೆ ಸೊನ್ನೆ. ಮುಂದಿನ ತಿಂಗಳು ಮತ್ತೆ ಪರೀಕ್ಷೆ. ಈಗ ನಿನ್ನ ಟೋಪಿ ಅಮ್ಮನಿಗೆ ಕೊಡು."

ಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೋಪಿ ಕನ್ನಡಕ ಹಾಕಿಕೊಂಡು ಮಗನ ಸೀಟಿನಲ್ಲಿ ಕೂತಳು. ಗುರುಗಳು ಮುಂದೆ ಕೂತರು, ಮಗನೇ ವಿಮಾನದ ಮೂತಿಯ ಪಂಖ ತಿರುಗಿಸಿ ಇಂಜಿನ್ ಎಬ್ಬಿಸಿದ. ವಿಮಾನ ಎದ್ದು ಶಿವನಿಯ ಕಡೆ ತಿರುಗಿತು. ಮುದ್ದಪ್ಪ ತನ್ನ ಕೋಲನ್ನು ಜಯದೇವಪ್ಪನ ಕೈಗೆ ತುರುಕಿ, "ಅವ್ರು ಇಳ್ಯಾಕೆ ಜಾಗ ಬೇಕಲ್ಲಾ, ನೀನು ಆ ಕಡೆ ದನ ಅಟ್ಟು" ಎಂದ. ಅವನು ಓಡಿ ಓಡಿ ಅಟ್ಟಿದ. ಬೂಟಿಗೆ ಸಗಣಿ ಮೆತ್ತಿತು.

ವಿಮಾನ ಇಳಿದಾಗ ಜನ ಲಿಂಗಮ್ಮನನ್ನು ಮುತ್ತಿಕೊಂಡರು. ಕನ್ನಡಕ ಹಣೆಗೇರಿಸಿ ಅವಳು, "ಕೆರೆ ಅಂಗೈಯಷ್ಟು ಕಣ್ರೇ! ತಮ್ಮಯ್ಯನ ಮನೆ ಹೆಂಚು ಒಡೆದೈತೆ, ಮೇಲಿಂದ ಕಾಣ್ತದೆ!" ಎಂದು ಹೇಳುತ್ತಲೇ ಇದ್ದಳು. ಇಪ್ಪತ್ತು ವರ್ಷ ಚಿಕ್ಕವಳಾದಂತೆ ಅವಳ ಮುಖ ಹೊಳೆಯುತ್ತಿತ್ತು. ಅದನ್ನು ದೂರದಿಂದ ನೋಡಿ ಜಯದೇವಪ್ಪನಿಗೆ, ಮುಂದಿನ ತಿಂಗಳೇನು ದೂರವಿಲ್ಲ ಎನ್ನಿಸಿತು.

ತಡವಾಗಿ ಓಡಿ ಬಂದ ಅಜ್ಜಂಪುರದ ಈರಕ್ಕ ಏದುಸಿರು ಬಿಡುತ್ತಾ ಅವನನ್ನು ನೋಡಿದಳು. "ಈ ಹುಡ್ಗ ಯಾರು?"

"ಇವ್ನಾ? ವಿಮಾನದ ಲಿಂಗಮ್ಮನ ಮಗ ಕಣಕ್ಕಾ" ಎಂದ ಮುದ್ದಪ್ಪ.

"ಓಹೋ! ಇವ್ನೂ ಏನಾರ ಕಲ್ತವ್ನಾ?"

ಮುದ್ದಪ್ಪ ಅವನ ಕೈಯ ಕೋಲನ್ನೂ ಬೂಟನ್ನೂ ನೋಡಿ, ಮನಃಪೂರ್ವಕವಾಗಿ ಹೇಳಿದ. "ದನ ಚೆನ್ನಾಗಿ ಅಟ್ತಾನೆ."